ತೊಂಡೆಯ ಬುಡಕ್ಕೆ ಹಾಲು

ನಮ್ಮ ಸೀಮೆಯಲ್ಲಿ ಮಂಜು ಎಂದರೆ ಒಳ್ಳೆಯ ಸುದ್ದಿ. ಡಿಸೆಂಬರ್, ಜನವರಿಯಲ್ಲಿ ಅದು ಚೆನ್ನಾಗಿ ಬಿದ್ದರೆ ಅವರೆಕಾಯಿಗೆ ಸೊಗಡು ಹತ್ತುತ್ತದೆ. ಸಂತೆಯಲ್ಲಿ ಜನ ಕಾಯನ್ನು ಕೈಯಲ್ಲಿ ಉಜ್ಜಿ, ಮೂಸಿ ನೋಡಿ ಕೊಳ್ಳುತ್ತಾರೆ. ಸಿಪ್ಪೆಯ ಆ ಎಣ್ಣೆವಾಸನೆ ಬೆರಳಿಂದ ಸಂಜೆಯವರೆಗೂ ಹೋಗುವುದಿಲ್ಲ. ಚಿಂತಾಮಣಿಯಲ್ಲಿ ಹುಟ್ಟಿ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದ ನನಗೆ, ಚಳಿಗೆ ಒಂದು ಗಿಡ ಸಾಯಬಹುದು ಎಂಬುದು ತಿಳಿದೇ ಇರಲಿಲ್ಲ. ತಿಳಿದವರು ಆ ಮನೆಯಲ್ಲಿ ಒಬ್ಬರೇ ಇದ್ದರು, ನನ್ನ ಅತ್ತೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನಾನು ಆ ಮನೆಗೆ ಹೋದೆ. ಅವರದು ರೇಷ್ಮೆ ನೂಲು ತೆಗೆಯುವ ಕಸುಬು. ಮುಂದೆ ಮನೆ, ಪಕ್ಕದಲ್ಲಿ ಹೆಂಚಿನ ಶೆಡ್ಡು, ಶೆಡ್ಡಿನೊಳಗೆ ಸಾಲಾಗಿ ಬಿಸಿನೀರಿನ ಬೇಸಿನ್‌ಗಳು. ರೇಷ್ಮೆಗೂಡು ಬೇಯುವ ವಾಸನೆಗೆ ಮೊದಮೊದಲು ನನಗೆ ಊಟ ಸೇರುತ್ತಿರಲಿಲ್ಲ. ಆಮೇಲೆ ಮೂಗು ಸುಮ್ಮನಾಯಿತು. ಶೆಡ್ಡಿನ ಹಿಂದೆ ನೆಲ ಕೆರೆಯ ಕಡೆಗೆ ಇಳಿದು ತಗ್ಗಾಗುತ್ತಿತ್ತು. ಆ ತಗ್ಗಿನಲ್ಲಿ ಅತ್ತೆಯ ಕಾಯಿಪಲ್ಲೆ ತೋಟ ಇತ್ತು.

ದೊಡ್ಡ ತೋಟವೇನಲ್ಲ. ಬದನೆ, ಟೊಮೆಟೊ, ಒಂದು ಸಾಲು ಹುರುಳಿಕಾಯಿ, ಬೇಲಿಯ ಪಕ್ಕ ಅವರೆ, ನೀರು ಹರಿಯುವ ಕಡೆ ಪುದೀನ, ಕೊತ್ತಂಬರಿ, ಮೆಂತ್ಯ. ನಡುವೆ ನಾಲ್ಕು ಕಲ್ಲುಕಂಬಗಳ ಮೇಲೆ ಚಪ್ಪರ. ಚಪ್ಪರದ ಮೇಲೆ ತೊಂಡೆ ಬಳ್ಳಿ. ಅದರ ಕಾಂಡ ನನ್ನ ಮುಂಗೈಯಷ್ಟು ದಪ್ಪವಿತ್ತು, ತೊಗಟೆ ಬೂದುಬಣ್ಣಕ್ಕೆ ತಿರುಗಿತ್ತು.

ಆ ಬಳ್ಳಿ ಅತ್ತೆಯ ತವರಿನದು. ಅವರ ಊರು ಬೀದರಿನಿಂದಾಚೆ, ಮಹಾರಾಷ್ಟ್ರದ ಗಡಿಯ ಒಂದು ಹಳ್ಳಿ. ಮಾವ ಹುಡುಗರಾಗಿದ್ದಾಗ ಸೀರೆ ನೇಯುವ ಊರುಗಳಿಗೆ ರೇಷ್ಮೆ ಮಾರಲು ಹೋಗುತ್ತಿದ್ದರಂತೆ. ಆ ಕಡೆಯ ಒಬ್ಬ ವ್ಯಾಪಾರಿಯ ನೆಂಟಸ್ತಿಕೆಯಲ್ಲಿ ಈ ಸಂಬಂಧ ಕೂಡಿಬಂತು. ಮದುವೆಯಾಗಿ ಬರುವಾಗ ಅತ್ತೆಯ ತಾಯಿ ಅಂಗಳದ ತೊಂಡೆಯ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ದಾರಿಯುದ್ದಕ್ಕೂ ರೈಲು ನಿಂತಲ್ಲೆಲ್ಲ ಇಳಿದು ಆ ಬಟ್ಟೆಗೆ ನೀರು ಹಾಕಿದವರು ಮಾವ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ನಾನು ಬರುವಷ್ಟರಲ್ಲಿ ಅತ್ತೆಯ ತಾಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಣ್ಣತಮ್ಮಂದಿರು ಬೇರೆ ಬೇರೆ ಊರು ಸೇರಿದ್ದರು. ಮನೆ ಬೇರೆಯವರ ಕೈಗೆ ಹೋಗಿತ್ತು, ಅಂಗಳಕ್ಕೆ ಕಲ್ಲು ಹಾಸಿದ್ದರು. ಹೋಗಲು ಅಲ್ಲಿ ಯಾರೂ ಇರಲಿಲ್ಲ. ನನ್ನ ತವರು ಒಂದು ಬಸ್ಸಿನ ದೂರ. ಬೆಳಿಗ್ಗೆ ಹೋಗಿ ನನ್ನಮ್ಮನ ಕೈಯ ಚಹಾ ಕುಡಿದು ಸಂಜೆಯೊಳಗೆ ಬಂದುಬಿಡುತ್ತಿದ್ದೆ. ಹೊರಡುವಾಗ ಅತ್ತೆ ಎಂದೂ ಬೇಡ ಎಂದವರಲ್ಲ. ಬಂದಾಗ ಮಾತ್ರ ಅಲ್ಲಿ ಏನು ಮಾತಾಡಿದಿರಿ, ಏನು ತಿಂದಿರಿ, ಅಮ್ಮ ಯಾವ ಸೀರೆ ಉಟ್ಟಿದ್ದರು ಎಂದು ಬಿಡದೆ ಕೇಳುತ್ತಿದ್ದರು. ನನಗೆ ಆಗ ಅದು ತನಿಖೆಯಂತೆ ಕಾಣುತ್ತಿತ್ತು.

ಊರಲ್ಲಿ ತೊಂಡೆಗೇನೂ ಬರವಿರಲಿಲ್ಲ. ಎಲ್ಲರ ಬೇಲಿಯಲ್ಲೂ ಇತ್ತು. ಹಾಗಾಗಿ ಅತ್ತೆಯ ಬಳ್ಳಿಯ ತುಂಡನ್ನು ಯಾರೂ ಕೇಳಿರಲಿಲ್ಲ. ಆದರೆ ಅವರ ಪಾಲಿಗೆ ಬೇರೆಯವು ತೊಂಡೆಯೇ ಅಲ್ಲ. ವಾರಕ್ಕೆ ಎರಡು ಸಲವಾದರೂ ಮನೆಯಲ್ಲಿ ಅದರ ಪಲ್ಯ.

"ತೊಂಡೆಕಾಯಿ ತಿಂದ್ರೆ ಬುದ್ಧಿ ಮಂದ ಆಗುತ್ತಂತೆ," ಎಂದು ಮಾವ ತಟ್ಟೆ ನೋಡಿ ಹೇಳುತ್ತಿದ್ದರು. "ಮದುವೆ ಆದಾಗಿಂದ ತಿಂತಾ ಇದೀನಿ. ನಂಗೆ ಇನ್ನೇನ್ ಉಳಿದಿದೆ ಹೇಳು."

"ಮದುವೆಗೆ ಮುಂಚೆ ಎಷ್ಟಿತ್ತು ಅಂತ ನಿಮ್ಮಮ್ಮನೇ ನಂಗೆ ಹೇಳಿದಾರೆ," ಎನ್ನುತ್ತಿದ್ದರು ಅತ್ತೆ, ಇನ್ನೊಂದು ಸೌಟು ಬಡಿಸುತ್ತಾ.

ನಮ್ಮ ಮನೆಯ ಮಾತು ಉರ್ದು. ನಾನು ಓದಿದ್ದು, ಬರೆಯುವುದು ಕನ್ನಡ. ಅವರ ಮಾತು ನನ್ನ ಕೈಯಲ್ಲಿ ಕನ್ನಡವಾಗಿಯೇ ಬರುತ್ತದೆ.

ಆ ಚಳಿಗಾಲಕ್ಕೆ ಮುಂಚೆಯೇ ಮಾವನಿಗೆ ತೋಟದ ಜಾಗದ ಮೇಲೆ ಕಣ್ಣಿತ್ತು. ಇನ್ನೆರಡು ಬೇಸಿನ್ ಹಾಕಬೇಕು, ಶೆಡ್ಡನ್ನು ಹಿಂದಕ್ಕೆ ಬೆಳೆಸಬೇಕು ಎಂಬ ಮಾತು ನನ್ನ ಗಂಡನೂ ಅವರೂ ಆಡಿಕೊಳ್ಳುತ್ತಿದ್ದರು. ಬೇರೆ ಕಡೆ ಜಾಗವಿರಲಿಲ್ಲ. ಕೊನೆಗೆ ಮಾವ ಹೆಂಡತಿಗೆ ಒಂದು ಮಾತು ಕೊಟ್ಟರು: "ನಿನ್ನ ಬಳ್ಳಿ ಇರೋವರೆಗೂ ಆ ಜಾಗ ನಿಂದು. ಅದು ಹೋದ ಮೇಲೆ ನನ್ನನ್ನ ತಡೀಬೇಡ." ಅತ್ತೆ ಒಪ್ಪಿಕೊಂಡರು. ಆ ಬಳ್ಳಿ ತಮಗಿಂತ ಹೆಚ್ಚು ಕಾಲ ಇರುತ್ತದೆ ಎಂದು ಅವರಿಗೆ ಖಾತ್ರಿ ಇದ್ದಿರಬೇಕು.

ಜನವರಿಯ ಒಂದು ಬೆಳಿಗ್ಗೆ ನಾನು ಎದ್ದಾಗ ಗಾಳಿ ಒಂದು ಚೂರೂ ಇರಲಿಲ್ಲ. ಹಿಂದಿನ ದಿನವೂ ಹಾಗೇ ಇತ್ತು. ಆಕಾಶ ಒರೆಸಿಟ್ಟ ಹಾಗೆ ಇತ್ತು. ಹಿತ್ತಲ ಬಾಗಿಲು ತೆರೆದಿತ್ತು. ಪುದೀನ ತರೋಣವೆಂದು ಇಳಿದೆ. ತಗ್ಗಿಗೆ ಕಾಲಿಟ್ಟಾಗ ಹುಲ್ಲು ಕಾಲಡಿ ಮುರಿದ ಸದ್ದಾಯಿತು. ಬಗ್ಗಿ ನೋಡಿದೆ. ಹುಲ್ಲಿನ ಮೇಲಿದ್ದುದು ಮಂಜಿನ ಹನಿಯಲ್ಲ, ಪುಡಿ ಉಪ್ಪಿನಂಥ ಬಿಳಿ. ಮುಟ್ಟಿದರೆ ಬೆರಳು ಸುಡುವಷ್ಟು ತಣ್ಣಗೆ, ಆಮೇಲೆ ನೀರು. ಬದನೆಯ ಎಲೆಗಳ ಅಂಚಿಗೂ ಅದೇ, ಟೊಮೆಟೊ ಸಸಿಗಳ ಮೇಲೂ ಅದೇ. ಯಾರೋ ಸುಣ್ಣ ಎರಚಿದ್ದಾರೆ ಎಂದುಕೊಂಡೆ.

ಅತ್ತೆ ಚಪ್ಪರದ ಕೆಳಗೆ ನೆಲದ ಮೇಲೆ ಕೂತಿದ್ದರು. ಅವರು ನೆಲಕ್ಕೆ ಹಾಗೆ ಕೂರುವವರಲ್ಲ. ಮಣ್ಣಿನ ಕೆಲಸಕ್ಕೂ ಮಣೆ ಒಯ್ಯುವವರು. ತಲೆಯ ಮೇಲಿನ ಸೆರಗು ಜಾರಿತ್ತು. ಮೇಲೆ ನೋಡುತ್ತಾ ಮೆಲ್ಲಗೆ, "ಅಮ್ಮಾ," ಎಂದರು. ನಾನು ಹತ್ತಿರ ಹೋದದ್ದು ಅವರಿಗೆ ತಿಳಿದಿರಲಿಲ್ಲ. ಯಾರನ್ನು ಕರೆಯುತ್ತಿದ್ದಾರೆ ಎಂದು ಅರ್ಥವಾದಾಗ ನಾನು ಅಲ್ಲೇ ನಿಂತೆ. ನಾನು ಅಲ್ಲಿಯವರೆಗೆ ಅವರನ್ನು ಯಾರ ಮಗಳಾಗಿಯೂ ಕಂಡಿರಲಿಲ್ಲ.

"ಅಮ್ಮಿ, ಇದೇನು?" ಎಂದು ಕೇಳಿದೆ.

"ಪಾಲಾ," ಎಂದರು. "ಪಾಲಾ ಪಡ್ಯಾ."

ಪಡ್ಯಾ ಎಂದರೆ ಬಿತ್ತು; ಪಾಲಾ ಮಾತ್ರ ನಮ್ಮ ಉರ್ದುವಿನಲ್ಲಿ ನಾನು ಕೇಳದ ಮಾತು. ಅವರ ಊರ ಕಡೆ ಕೆಲವು ವರ್ಷ ಚಳಿ ಹೀಗೆ ಗಟ್ಟಿಯಾಗಿ ಬೀಳುತ್ತದಂತೆ, ಕಡಲೆ ಹೊಲ ಒಂದೇ ಬೆಳಗಿಗೆ ಹೋಗುತ್ತದಂತೆ. ಇಲ್ಲಿಗೆ ಬಂದ ಮೇಲೆ ಆ ಮಾತನ್ನು ಅವರು ಬಾಯಿಗೆ ತಂದಿರಲಿಲ್ಲ. ತರುವ ಪ್ರಸಂಗ ಬಂದಿರಲಿಲ್ಲ.

ಅಷ್ಟರಲ್ಲಿ ಹಾಲಿನಾಕೆ ಬಂದಳು. ಕೆರೆಯಾಚೆಯ ಹಳ್ಳಿಯವಳು. ಮನೆಮಾತು ತೆಲುಗು, ನಮ್ಮೊಂದಿಗೆ ಕನ್ನಡ, ಗಾಬರಿಯಾದರೆ ಎರಡೂ. ಅತ್ತೆಯನ್ನು ಬೂಬಮ್ಮ ಎಂದು ಕರೆಯುತ್ತಿದ್ದಳು. ಕೆರೆ ಏರಿಯಿಂದ ಇಳಿದು ತೋಟದ ಬೇಲಿ ದಾಟಿಯೇ ದಿನವೂ ಬರುತ್ತಿದ್ದಳು. ಅತ್ತೆ ನೆಲದ ಮೇಲಿರುವುದನ್ನು ನೋಡಿ ಕ್ಯಾನು ಇಳಿಸಿದಳು.

"ಏಮಾಯಿಂದಿ ಬೂಬಮ್ಮ? ಏನಾಯ್ತು?"

ಅತ್ತೆ ಬಳ್ಳಿಯ ಬುಡದ ಕಡೆ ಕೈ ತೋರಿಸಿ ಮತ್ತೆ, "ಪಾಲಾ... ಪಾಲಾ," ಎಂದರು.

"ಪಾಲೇನಾ? ತೆಚ್ಚಿನಾನು ಕದಮ್ಮಾ, ತಂದಿದೀನಲ್ಲ," ಎಂದು ಆಕೆ ಕ್ಯಾನಿನ ಮುಚ್ಚಳ ತೆಗೆದಳು. ಆಕೆಯ ಭಾಷೆಯಲ್ಲಿ ಪಾಲು ಎಂದರೆ ಹಾಲು.

ನಾನು ಪಾತ್ರೆ ತಂದು ಹಾಲು ಹಾಕಿಸಿಕೊಂಡೆ. ಹೋಗುವಾಗ ಆಕೆ ಎಲೆಗಳ ಮೇಲೆ ಬೆರಳಾಡಿಸಿ, "ಗಟ್ಟಿ ಮಂಜು ಕಣಮ್ಮ. ಒಳ್ಳೇದೇ ಬಿಡು, ಅವರೆಗೆ ಸೊಗಡು ಬರುತ್ತೆ," ಎಂದು ನನಗೆ ಧೈರ್ಯ ಹೇಳಿದಳು. ನಾನೂ ನಂಬಿದೆ.

ಶೆಡ್ಡಿನಿಂದ ಮಾವ ಬಂದು ನೋಡಿದರು. ಅವರಿಗೆ ಹೊಳೆದದ್ದು ಬೇಸಿನ್ನಿನ ಬಿಸಿನೀರು. ಗಟ್ಟಿಯಾದದ್ದನ್ನು ಬಿಸಿನೀರಿನಲ್ಲಿ ಬಿಡಿಸುವುದು ಆ ಮನೆಯ ಕಸುಬು. ಎರಡು ಬಿಂದಿಗೆ ತುಂಬಿಸಿ ತಂದೇಬಿಟ್ಟರು. ಅತ್ತೆ ಆಗ ಎದ್ದರು. ಬಿಂದಿಗೆಗೆ ಅಡ್ಡ ನಿಂತು, "ಗೂಡಲ್ಲ ಇದು. ಇಟ್ಟುಬಿಡಿ," ಎಂದರು. "ಬಿಸಿಲು ತಾನಾಗಿ ಏರಲಿ. ಅಲ್ಲಿಯವರೆಗೂ ಯಾರೂ ಏನೂ ಮುಟ್ಟಬೇಡಿ."

ಬಿಸಿಲು ಏರಿತು. ಬಿಳಿ ಹೋಯಿತು. ಸ್ವಲ್ಪ ಹೊತ್ತು ಎಲ್ಲ ಮೊದಲಿನಂತೆಯೇ ಹಸಿರಾಗಿ, ತೊಳೆದ ಹಾಗೆ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಟೊಮೆಟೊ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು. ಹುರುಳಿಕಾಯಿ ಸಾಲು ಕರ್ರಗಾಯಿತು. ಸಂಜೆ ಚಪ್ಪರ ನೋಡಿದರೆ ಮೇಲೆ ಯಾರೋ ಬೆಂಕಿ ಹಾಯಿಸಿದ ಹಾಗಿತ್ತು. ಎಲೆ, ಬಳ್ಳಿಯ ಕುಡಿ, ಎಳೆಯ ಕಾಯಿ ಎಲ್ಲವೂ ಕಪ್ಪು. ಕಾಯನ್ನು ಒತ್ತಿದರೆ ನೀರು ಬರುತ್ತಿತ್ತು. ನೆಲಕ್ಕಂಟಿ ಬೆಳೆಯುವ ಕೊತ್ತಂಬರಿ, ಮೆಂತ್ಯಗಳಿಗೆ ಮಾತ್ರ ಏನೂ ಆಗಿರಲಿಲ್ಲ. ರಸ್ತೆಯ ಕಡೆಯ, ಎತ್ತರದ ಮನೆಗಳವರ ಗಿಡಗಳಿಗೂ ಏನೂ ಆಗಿರಲಿಲ್ಲ. ತಣ್ಣನೆಯ ಗಾಳಿ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಂತಿದೆ ಎಂದು ಅತ್ತೆ ಹೇಳಿದರು.

ಎರಡು ಮೂರು ದಿನ ಬಿಟ್ಟು ಮಾವ ಊಟ ಮುಗಿಸಿ ಕೈ ತೊಳೆಯುತ್ತಾ, "ರಂಜಾನ್ ಶುರು ಆಗೋ ಮುಂಚೆ ಪಾಯ ಹಾಕಿಸಿದ್ರೆ ಒಳ್ಳೇದು. ಉಪವಾಸದಲ್ಲಿ ಗಾರೆಯವರು ಸಿಗಲ್ಲ," ಎಂದರು. ಅತ್ತೆಯ ಮುಖ ನೋಡಿ ಹೇಳಲಿಲ್ಲ.

"ಬಳ್ಳಿ ಹೋಗಿದೆ ಅಂತ ಯಾರು ಹೇಳಿದ್ದು ನಿಮಗೆ?" ಎಂದು ಅತ್ತೆ ಕೇಳಿದರು.

"ಹೇಳ್ಬೇಕಾ? ಕಾಣಲ್ವಾ?"

"ಕಾಣೋದು ಮೇಲಿಂದು. ಸೆಕೆ ಬರಲಿ. ಅಲ್ಲಿಯವರೆಗೂ ಅದು ಸತ್ತಿಲ್ಲ."

ಮಾವ ಒರಟರಲ್ಲ. ಆಗಲಿ ಎಂಬಂತೆ ತಲೆಯಾಡಿಸಿದರು. ಆದರೆ ಮಾರನೆಯ ದಿನ ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋದ.

ತೋಟವನ್ನು ಮತ್ತೆ ಎಬ್ಬಿಸುವ ಕೆಲಸವನ್ನು ನಾನು ಅತ್ತೆಯ ಜೊತೆ ಮಾಡಿದೆ. ಕರ್ರಗಾದದ್ದನ್ನೆಲ್ಲ ಕಿತ್ತು ಚೊಕ್ಕಟ ಮಾಡುವುದೇ ಮೊದಲ ಕೆಲಸ ಎಂದು ನಾನು ಕುಡುಗೋಲು ತಂದಿದ್ದೆ. ಅವರು ಇಸಿದುಕೊಂಡು ಗೋಡೆಯ ಗೂಡಿನಲ್ಲಿಟ್ಟರು. ಸತ್ತ ಎಲೆಯೇ ಈಗ ಹೊದಿಕೆ, ಚಳಿ ಮತ್ತೆ ಬಂದರೆ ಅದೇ ತಡೆಯುವುದು ಎಂದರು. ಟೊಮೆಟೊ, ಹುರುಳಿಕಾಯಿ ಮಾತ್ರ ಕಿತ್ತೆವು, ಅವಕ್ಕೆ ಮರುಜನ್ಮವಿಲ್ಲ. ಬದನೆಯನ್ನು ಉಗುರಿನಿಂದ ಗೀರಿ ಗೀರಿ ನೋಡಿದರು. ತೊಗಟೆಯಡಿ ಹಸಿರು ಕಂಡ ಕಡೆ ಒಂದು ನೂಲಿನ ಗಂಟು ಕಟ್ಟಿದರು. ತೋಟದಲ್ಲಿ ಅಲ್ಲಲ್ಲಿ ಹಳದಿ ರೇಷ್ಮೆ ಎಳೆ ಮಿನುಗುತ್ತಿತ್ತು. ಬರಿದಾದ ಸಾಲಿಗೆ ಹೊಸ ಬೀಜ ಹಾಕಿ, ಸಂಜೆಯಾದರೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ತೆಗೆಯುತ್ತಿದ್ದೆವು. ಟೊಮೆಟೊ ಸಸಿಯನ್ನು ನಾನು ಚಿಂತಾಮಣಿಯಿಂದ ತಂದೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂತಾಗ, ಒದ್ದೆ ಬಟ್ಟೆಯ ತಂಪು ಸೀರೆಗೆ ಇಳಿಯುತ್ತಿದ್ದಾಗ, ಅತ್ತೆ ಬಂದ ದಾರಿಯ ಉದ್ದ ನನಗೆ ಮೊದಲ ಸಲ ಅಳತೆಗೆ ಸಿಕ್ಕಿತು. ಅವರು ಆ ದಾರಿಯಲ್ಲಿ ಹಿಂದಕ್ಕೆ ಹೋದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ.

ತೊಂಡೆಯ ಕಾಂಡವನ್ನು ಅವರು ಗೀರಿ ನೋಡಲಿಲ್ಲ. ನಾನು ಒಮ್ಮೆ ಬೆರಳು ಮುಂದೆ ಮಾಡಿದಾಗ ಕೈ ಹಿಡಿದು ತಡೆದರು. ಅವರಿಗೆ ಉತ್ತರ ತಿಳಿಯುವ ಧೈರ್ಯವಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಒಂದು ಬೆಳಿಗ್ಗೆ ಗೋಣಿಚೀಲ ತೆಗೆಯಲು ಹೋದಾಗ ತೊಂಡೆಯ ಬುಡದ ಮಣ್ಣಿನ ಮೇಲೆ ಬಿಳಿ ಕಂಡಿತು. ಮತ್ತೆ ಪಾಲಾ ಬಿದ್ದಿದೆ ಎಂದುಕೊಂಡು ಸುತ್ತಲೂ ನೋಡಿದೆ. ಬೇರೆಲ್ಲೂ ಇಲ್ಲ. ಬೆರಳಿಟ್ಟರೆ ತಣ್ಣಗಿಲ್ಲ, ಜಿಗುಟು. ಮೂಸಿ ನೋಡಿದೆ. ಹಾಲು.

ಮಾರನೆಯ ದಿನ ಹಿತ್ತಲ ಬಾಗಿಲಲ್ಲಿ ನಿಂತು ಕಾದೆ. ಹಾಲಿನಾಕೆ ಬೇಲಿ ದಾಟಿದಳು, ಚಪ್ಪರದ ಕೆಳಗೆ ಚಪ್ಪಲಿ ಬಿಟ್ಟಳು, ಅಳತೆಯ ಲೋಟದ ತಳದಲ್ಲಿ ಒಂದಿಷ್ಟು ಹಾಲು ತೆಗೆದು ಬುಡಕ್ಕೆ ಸುತ್ತಲೂ ಎರೆದಳು. ಹುತ್ತಕ್ಕೆ ತನಿ ಎರೆಯುವ ಹಾಗೆ.

"ಏನಕ್ಕಾ ಇದು?" ಎಂದೆ.

ಆಕೆ ನಾಚಿಕೊಂಡಳು. "ಬೂಬಮ್ಮ ಆವತ್ತು ಬುಡ ತೋರಿಸ್ಕೊಂಡು ಪಾಲು ಪಾಲು ಅಂದ್ರಲ್ಲಮ್ಮ. ನಾನು ನನ್ ಪಾಡಿಗೆ ಮನೆಗೆ ಹಾಕ್ಬಿಟ್ಟು ಹೋದೆ. ದಾರೀಲಿ ಹೊಳೀತು. ಅವರ ಕಡೆ ಬಳ್ಳಿಗೆ ಹಾಲೆರೀತಾರೇನೋ, ಹರಕೆ ಇರುತ್ತೇನೋ ಅಂತ. ಕೇಳಿದ್ರೆ ದುಡ್ಡಿನ ಲೆಕ್ಕಕ್ಕೆ ಸೇರಿಸ್ತೀನಿ ಅನ್ಕೊಂತಾರೆ. ಅದ್ಕೇ ಹೇಳ್ದೆ ಹಾಕ್ತಾ ಇದೀನಿ. ನಮ್ ಎಮ್ಮೇದೇ, ನೀರ್ ಬೆರೆಸಿಲ್ಲ."

"ನಮಗೆ ಕೊಡೋದಕ್ಕೆ ಬೆರೆಸ್ತೀಯಾ ಹಾಗಾದ್ರೆ?"

"ಅದ್ ಬೇರೆ, ಇದ್ ಬೇರೆ ಕಣಮ್ಮ," ಎಂದಳು, ನಗದೆ.

ಒಳಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಪಾಲಾ, ಪಾಲು, ಹಾಲು. ಅವರು ಚಹಾದ ಲೋಟ ಕೆಳಗಿಟ್ಟು ನಕ್ಕರು. ಆ ಬೆಳಗಿನ ನಂತರ ಅವರು ನಕ್ಕದ್ದು ಅದೇ ಮೊದಲು. ನಗು ನಡುವೆಯೇ ನಿಂತಿತು. ಸೆರಗಿನಿಂದ ಕಣ್ಣು ಒತ್ತಿಕೊಂಡರು.

"ನಾನು ಹೇಳಿಬಿಡಲಾ ಅವಳಿಗೆ?" ಎಂದು ಕೇಳಿದೆ. "ಸುಮ್ಮನೆ ಹಾಲು ಹಾಳು."

"ಹೇಳಬೇಡ. ಹಾಕಲಿ ಬಿಡು," ಎಂದರು. ಲೋಟ ಮತ್ತೆ ಎತ್ತಿಕೊಂಡು, "ಎಲ್ಲರೂ ಕಿತ್ತು ಬಿಸಾಕು ಅಂದ್ರು. ನೀನೂ ಕುಡುಗೋಲು ತಂದೆ. ಅವಳೊಬ್ಬಳೇ ಅದಕ್ಕೆ ಕುಡಿಸೋಕೆ ಏನಾದ್ರೂ ತಂದಿದ್ದು," ಎಂದರು.

ಹಾಲಿನ ವಾಸನೆ ನಮಗಿಂತ ಬೇಗ ಬೀದಿನಾಯಿಗಳಿಗೆ ತಿಳಿದಿತ್ತು. ಒಂದು ದಿನ ಬೆಳಿಗ್ಗೆ ನೋಡಿದರೆ ಬೇಲಿಯ ಕೆಳಗೆ ನುಸುಳಿದ ಗುರುತು, ತೊಂಡೆಯ ಬುಡ ಪೂರ್ತಿ ಕೆದರಿಹೋಗಿತ್ತು. ಮಣ್ಣು ಹಿಂದಕ್ಕೆ ರಾಶಿಬಿದ್ದಿತ್ತು. ಹಳ್ಳದಲ್ಲಿ ಬೇರಿನ ಗೆಡ್ಡೆ ಹೊರಗೆ ಕಾಣುತ್ತಿತ್ತು. ದೊಡ್ಡ ಮೂಲಂಗಿಯಂತೆ ದಪ್ಪ, ಮೇಲೆಲ್ಲ ಕಂದು ಸಿಪ್ಪೆ, ಪಕ್ಕದಲ್ಲಿ ನಾಯಿಯ ಉಗುರು ಎಳೆದ ಉದ್ದನೆಯ ಗಾಯ.

ನಾನು ಅತ್ತೆಯನ್ನು ಕರೆಯಲು ಹಿಂದೆ ತಿರುಗಿದೆ. ಅವರು ಆಗಲೇ ನನ್ನ ಬೆನ್ನ ಹಿಂದೆ ಇದ್ದರು. ಹಳ್ಳಕ್ಕೆ ಇಳಿದು ಕೂತರು. ಎರಡೂ ಕೈಯಿಂದ ಗೆಡ್ಡೆಯ ಮೇಲಿನ ಮಣ್ಣು ಸರಿಸಿದರು, ಹಸುಗೂಸಿನ ಮುಖ ಒರೆಸುವಷ್ಟು ಹಗುರಾಗಿ. ಆಮೇಲೆ ಗಾಯದ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. ಎತ್ತಿದಾಗ ಬೆರಳು ಒದ್ದೆಯಾಗಿತ್ತು. ಗಾಯದ ಒಳಗೆ ಬಿಳಿ, ಸೌತೆಕಾಯಿ ಕೊಯ್ದಾಗ ಕಾಣುವಂಥ ಬಿಳಿ, ಅದರ ಮೇಲೆ ನೀರಿನ ಸಣ್ಣ ಸಣ್ಣ ಮಣಿ.

ಅವರು ಬೆರಳನ್ನು ನನ್ನ ಕೆನ್ನೆಗೆ ತಾಗಿಸಿದರು. ತಣ್ಣಗಿತ್ತು, ಅಂಟುತ್ತಿತ್ತು. "ನೋಡು," ಎಂದರು.

ಹಾಲಿನಾಕೆ ಬಂದವಳು ಹಳ್ಳ ನೋಡಿ ಕ್ಯಾನು ಇಡುವುದನ್ನೂ ಮರೆತು ನಿಂತಳು. "ಅಯ್ಯೋ ನನ್ ಕೈಯ್ಯಾರ ಹಾಳ್ ಮಾಡ್ಬಿಟ್ನಲ್ಲ ಬೂಬಮ್ಮ. ನಾಯಿ ಬರುತ್ತೆ ಅಂತ ತೋಚಲೇ ಇಲ್ಲ."

ಅತ್ತೆಗೆ ಕನ್ನಡ ಕಷ್ಟ. ಆ ದಿನ ನನ್ನ ಸಹಾಯವನ್ನೂ ಕೇಳದೆ ತಾವೇ ಹೇಳಿದರು. "ಹಾಳು ಇಲ್ಲ. ನೀನು ಹಾಲು ಹಾಕಿದೆ, ನಾಯಿ ತೋಡಿತು, ನಾನು ನೋಡಿದೆ. ಒಳಗೆ ಜೀವ ಅದೆ." ಆಕೆಯ ಕೈ ಎಳೆದು ಗಾಯದ ಮೇಲೆ ಇಡಿಸಿದರು.

ಆಮೇಲೆ ನಾನು ಪಾಲಾ ಎಂದರೇನು ಎಂದು ಆಕೆಗೆ ಬಿಡಿಸಿ ಹೇಳಬೇಕಾಯಿತು. ಕೇಳಿಸಿಕೊಂಡು ಸೆರಗು ಬಾಯಿಗಿಟ್ಟುಕೊಂಡಳು. "ಅವರ್ ಯಾವ್ ಪಾಲಾ ಅಂದ್ರೋ, ನಾನ್ ಯಾವ್ ಪಾಲು ತಂದ್ನೋ. ನಮ್ಮನೇಲಿ ಹೇಳಿದ್ರೆ ಎಮ್ಮೆ ಕೂಡ ನಗುತ್ತೆ." ಆಮೇಲೆ ಅತ್ತೆಯ ಕಡೆ ತಿರುಗಿ, "ನೀವೂ ಸರಿ ಬಿಡಿ. ಇಷ್ಟ್ ದಿನ ಗೊತ್ತಿದ್ದೂ ಎರೆಸ್ಕೊಂಡ್ರಲ್ಲ," ಎಂದಳು. ಅತ್ತೆ ಬೇರೆ ಕಡೆ ನೋಡಿದರು.

ಮೂವರೂ ಸೇರಿ ಹಳ್ಳ ಮುಚ್ಚಿದೆವು. ಆಕೆ ಮನೆಯಿಂದ ಹಳೆಯ ಕೊಟ್ಟಿಗೆ ಗೊಬ್ಬರ ತಂದಳು. ನೂಲು ತೆಗೆದ ಮೇಲೆ ಉಳಿದು, ಶೆಡ್ಡಿನ ಹಿಂದೆ ಒಣಗಿಸಿದ್ದ ರೇಷ್ಮೆ ಹುಳದ ಪುಡಿಯನ್ನು ನಾನು ಹಾಕಿದೆ. ಸುತ್ತಲೂ ಜಾಲಿಮುಳ್ಳು ಹರಡಿದೆವು. ಸತ್ತ ಬಳ್ಳಿ ಮೇಲೆ ಹಾಗೇ ಇತ್ತು.

ಮಾವನಿಗೆ ಗೆಡ್ಡೆಯ ವಿಷಯ ಹೇಳಿದಾಗ ಅವರು, "ಗೆಡ್ಡೆ ಬದುಕಿದ್ರೆ ಚಿಗುರಬೇಕಲ್ಲ. ಚಿಗುರಲಿ, ನೋಡೋಣ," ಎಂದರು. ಅದು ನ್ಯಾಯವಾದ ಮಾತೇ. ಫೆಬ್ರವರಿ ಮುಗಿಯುತ್ತಾ ಬಂತು. ಬದನೆ ಗಿಡಗಳು ನೂಲು ಕಟ್ಟಿದ ಕಡೆಯೆಲ್ಲ ಚಿಗುರಿದವು. ಕಟ್ಟದ ಕಡೆಯೂ ಒಂದೆರಡು ಚಿಗುರಿ ಅತ್ತೆಯನ್ನು ಸುಳ್ಳು ಮಾಡಿದವು. ನನ್ನ ಟೊಮೆಟೊ ಸಸಿಗಳು ಮೊಣಕಾಲೆತ್ತರವಾದವು. ಶಿವರಾತ್ರಿ ಬಂತು, ಹಾಲಿನಾಕೆ ತಂಬಿಟ್ಟು ತಂದುಕೊಟ್ಟಳು. ಬಿಸಿಲಿನ ರೀತಿಯೇ ಬದಲಾಯಿತು. ತೊಂಡೆಯ ಬುಡದಲ್ಲಿ ಏನೂ ಇರಲಿಲ್ಲ. ಮೇಸ್ತ್ರಿ ಬಂದು ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಗೆರೆ ಚಪ್ಪರದ ಎರಡು ಕಂಬಗಳ ನಡುವೆ ಹಾದುಹೋಯಿತು.

ಅತ್ತೆ ಆ ಗೆರೆಯನ್ನು ದಾಟಿಯೇ ನೀರು ಹಾಕಲು ಹೋಗುತ್ತಿದ್ದರು. ಅದನ್ನು ತುಳಿಯುತ್ತಲೂ ಇರಲಿಲ್ಲ, ಅಳಿಸುತ್ತಲೂ ಇರಲಿಲ್ಲ. ಸೀರೆಯ ನೆರಿಗೆ ಎತ್ತಿ, ನೀರಿನ ಕಾಲುವೆ ದಾಟುವ ಹಾಗೆ ದಾಟುತ್ತಿದ್ದರು. ಮಾವ ಅದನ್ನು ಶೆಡ್ಡಿನ ಕಿಟಕಿಯಿಂದ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಗಾರೆಯವರಿಗೆ ಹೇಳಿದ ದಿನ ಬಂದಾಗ ಸಿಮೆಂಟು ಸಿಕ್ಕಿಲ್ಲ ಎಂದು ಮುಂದೆ ಹಾಕಿದರು. ಸಿಮೆಂಟಿನ ಚೀಲಗಳು ಅವರ ಮಂಚದ ಕೆಳಗೇ ಇದ್ದವು. ಕಸ ಗುಡಿಸುವಾಗ ನನ್ನ ಪೊರಕೆಗೆ ತಾಗುತ್ತಿದ್ದವು.

ಚಿಗುರು ನಾವು ಕಾಯುತ್ತಿದ್ದ ಕಡೆ ಬರಲಿಲ್ಲ. ಹಳೆಯ ಕಾಂಡದ ಮೇಲೆ ಕಣ್ಣಿಟ್ಟಿದ್ದೆವು. ಅದು ಒಣಗಿ ಸೀಳಿತ್ತು. ಜಾಲಿಮುಳ್ಳಿನ ನಡುವೆ, ಗಾಯವಾಗಿದ್ದ ಪಕ್ಕದಲ್ಲಿ, ಮಣ್ಣು ಸ್ವಲ್ಪ ಉಬ್ಬಿ ಬಿರುಕುಬಿಟ್ಟಿತ್ತು. ಬಿರುಕಿನಲ್ಲಿ ಬಾಗಿದ ತಲೆಯ, ತೆಳು ಹಸಿರಿನ ಎರಡು ಕುಡಿ. ಮೊದಲು ನೋಡಿದವರು ಮಾವ. ದೊಡ್ಡ ದನಿಯಲ್ಲಿ ಕರೆಯಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು ಅತ್ತೆಗೆ, "ಹಿಂದೆ ಒಂದ್ಸಲ ಬಾ," ಎಂದು ಹೇಳಿ ಹೋದರು.

ಇಬ್ಬರೂ ಒಪ್ಪಿ, ಬಳ್ಳಿಯಷ್ಟು ಜಾಗ ಬಿಟ್ಟು ಶೆಡ್ಡು ಬೆಳೆಯಿತು. ಒಂದು ಮೂಲೆ ಕತ್ತರಿಸಿದ ಹಾಗೆ, ಗೋಡೆ ತೊಂಡೆಯ ಹತ್ತಿರ ಬಂದು ಒಳಕ್ಕೆ ತಿರುಗಿ ಮತ್ತೆ ಹೊರಕ್ಕೆ ಹೋಯಿತು. "ಇಂಥ ಗೋಡೆ ಕಟ್ಟಿದ್ದು ನಾನೇ ಅಂತ ಎಲ್ಲೂ ಹೇಳ್ಬೇಡಿ ಸಾಹೇಬ್ರೆ," ಎಂದ ಮೇಸ್ತ್ರಿ. ಎರಡು ಬೇಸಿನ್ ಹಾಕುವ ಕಡೆ ಒಂದೇ ಹಿಡಿಯಿತು.

ಕುಡಿಗಳು ಗೇಣುದ್ದವಾದ ಮೇಲೆ ಅತ್ತೆ ಗೋಡೆಯ ಗೂಡಿನಿಂದ ಕುಡುಗೋಲು ತೆಗೆದರು. ಸತ್ತ ಬಳ್ಳಿಯನ್ನು ಚಪ್ಪರದಿಂದ ಇಳಿಸಲು ನಮಗೆ ಒಂದು ಬೆಳಗು ಹಿಡಿಯಿತು. ಎಲೆ ಪುಡಿಯಾಗಿ ತಲೆಯ ಮೇಲೆಲ್ಲ ಉದುರಿತು. ಕೊನೆಗೆ ಬುಡದ ಕಾಂಡ ಉಳಿಯಿತು. ನಾನು ಕಡಿಯಲೇ ಎಂದೆ. ಬೇಡ ಎಂದು ತಾವೇ ಕಡಿದರು. ಕಡಿದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಅಮ್ಮ ಕೊಟ್ಟಿದ್ದು ಇದು," ಎಂದರು. "ಇದೇ. ಇದರ ಈ ತುದಿ." ಆಮೇಲೆ ಹೊಸ ಕುಡಿಗಳ ಕಡೆ ನೋಡಿ, "ಅದು ಇಲ್ಲಿ ಹುಟ್ಟಿದ್ದು," ಎಂದರು.

ಗೆಡ್ಡೆ ಅದರದೇ ಅಲ್ಲವೇ ಎಂದು ನಾನು ಹೇಳಬಹುದಿತ್ತು. ಅವರಿಗೆ ಅದು ತಿಳಿಯದ್ದೇನಲ್ಲ.

ಬಳ್ಳಿ ಬೇಗ ಹಬ್ಬಿತು. ರಂಜಾನಿನ ಕೊನೆಯ ದಿನಗಳಲ್ಲಿ ಮೊದಲ ಕಾಯಿ ಸಿಕ್ಕವು, ಒಂದು ಹಿಡಿಯಷ್ಟು. ಪಲ್ಯಕ್ಕೆ ಸಾಲದು. ಉಪವಾಸ ಬಿಟ್ಟ ಮೇಲೆ, ಗಂಡಸರು ನಮಾಜಿಗೆ ಹೋದಾಗ, ನಾವಿಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತೆವು. ಇನ್ನೂ ಬೆಳಕಿತ್ತು. ಅತ್ತೆ ಕಾಯನ್ನು ತೊಳೆದು ಉದ್ದಕ್ಕೆ ಸೀಳಿ, ಅರ್ಧ ನನಗೆ ಕೊಟ್ಟು ಅರ್ಧ ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಹೇಗಿದೆ ಅಮ್ಮಿ?"

"ತೊಂಡೆಕಾಯಿ ಹಾಗಿದೆ."

ಇನ್ನೊಂದನ್ನು ಸೀಳಿದರು. ತಿನ್ನಲಿಲ್ಲ, ಅಂಗೈಯಲ್ಲಿ ಹಿಡಿದುಕೊಂಡರು. ಕೆರೆಯ ಕಡೆಯಿಂದ ಸೆಕೆಗಾಳಿ ಬರುತ್ತಿತ್ತು.

"ನಮ್ಮಮ್ಮ ಹೀಗೆ ಬರೀದು ಕೊಡ್ತಿರಲಿಲ್ಲ," ಎಂದರು. "ಸೀಳಿದ ಕಡೆ ಉಪ್ಪು ತಿಕ್ಕಿ ಕೊಡ್ತಿದ್ಲು. ಇಷ್ಟು ವರ್ಷ ನಂಗೆ ಅದು ನೆನಪೇ ಆಗಿರಲಿಲ್ಲ ನೋಡು."

ನಾನು ಏಳಲು ಹೋದೆ. ನನ್ನ ಭುಜ ಒತ್ತಿ ಕೂರಿಸಿ ತಾವೇ ಒಳಗೆ ಹೋದರು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದಿದ್ದರು, ಅಂಗೈಯಲ್ಲಿ ಉಪ್ಪಿತ್ತು. ನನ್ನ ಕೈಯಲ್ಲಿದ್ದ ಅರ್ಧ ಹೋಳನ್ನು ತೆಗೆದುಕೊಂಡು, ಅದಕ್ಕೆ ಉಪ್ಪು ತಿಕ್ಕಿ, ಮತ್ತೆ ನನಗೇ ಕೊಟ್ಟರು.